ಅಕ್ಕೋರೆ, ಇದು ಲಸಾಅನಾ ಮಸಾಅನಾ?

ಕುಮಟಾದಲ್ಲಿ ನಮ್ಮ ಮನೆಯ ಜಗಲಿಗೆ ಸಂಜೆ ಹೊತ್ತು ನಾಲ್ಕೈದು ಮಕ್ಕಳು ಪುಸ್ತಕ ಹಿಡಿದು ಬರುತ್ತಾರೆ. ನಾನು ಶಾಲೆಯಿಂದ ನಿವೃತ್ತಳಾಗಿದ್ದರೂ ಅವರಿಗೆ ನಾನಿನ್ನೂ ಅಕ್ಕೋರು. ಅವರಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ. 12 ಮತ್ತು 18ರ ಲಸಾಅ ಕಂಡುಹಿಡಿ ಅಂದರೆ ಅರ್ಧ ನಿಮಿಷದಲ್ಲಿ 36 ಅಂತ ಬರೆದು ತೋರಿಸುತ್ತಾಳೆ. ಅದೇ ಲೆಕ್ಕವನ್ನು ನಾಲ್ಕು ಸಾಲಿನ ಕಥೆ ಮಾಡಿ ಕೊಟ್ಟರೆ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ. ಎರಡು ಸಲ ಓದುತ್ತಾಳೆ. ಆಮೇಲೆ ತಲೆಯೆತ್ತಿ ಕೇಳುತ್ತಾಳೆ: "ಅಕ್ಕೋರೆ, ಇದು ಲಸಾಅನಾ ಮಸಾಅನಾ?"

ಈ ಪ್ರಶ್ನೆಯನ್ನು ಘಟ್ಟದ ಮೇಲಿನ ಶಾಲೆಯಲ್ಲೂ ಕೇಳಿದ್ದೇನೆ, ಕರಾವಳಿಯ ಶಾಲೆಯಲ್ಲೂ ಕೇಳಿದ್ದೇನೆ. ಮಕ್ಕಳ ತಪ್ಪೇನಿಲ್ಲ, ಹೆಸರುಗಳೇ ಗೊಂದಲ ಹುಟ್ಟಿಸುವಂತಿವೆ. ಲಘುತ್ತಮ ಸಾಮಾನ್ಯ ಅಪವರ್ತ್ಯ, ಮಹತ್ತಮ ಸಾಮಾನ್ಯ ಅಪವರ್ತನ. ಕೊನೆಯ ಎರಡು ಪದಗಳು ಕಿವಿಗೆ ಒಂದೇ ಥರ ಕೇಳುತ್ತವೆ. ಅದಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಮೊದಲ ಪದಗಳು. ಲಘುತ್ತಮ ಅಂದರೆ ಎಲ್ಲಕ್ಕಿಂತ ಚಿಕ್ಕದು, ಆದರೆ ಲಸಾಅ ಯಾವಾಗಲೂ ಕೊಟ್ಟ ಸಂಖ್ಯೆಗಳಷ್ಟೇ ಅಥವಾ ಅವಕ್ಕಿಂತ ದೊಡ್ಡದಾಗಿ ಬರುತ್ತದೆ. ಮಹತ್ತಮ ಅಂದರೆ ಎಲ್ಲಕ್ಕಿಂತ ದೊಡ್ಡದು, ಆದರೆ ಮಸಾಅ ಚಿಕ್ಕದಾಗಿ ಬರುತ್ತದೆ. ಹೆಸರು ನೋಡಿ ಊಹೆ ಮಾಡುವ ಮಗು ತಿರುಗಾ ಮುರುಗಾ ಮಾಡದೆ ಇನ್ನೇನು ಮಾಡೀತು?

ಹಾಗಾಗಿ ನಾನು ಮಗ್ಗಿಯಿಂದಲೇ ಶುರು ಮಾಡುತ್ತೇನೆ. ಅಪವರ್ತ್ಯ ಅಂದರೆ ಮಗ್ಗಿಯಲ್ಲಿ ಬರುವ ಸಂಖ್ಯೆ, ಅಷ್ಟೇ. 6ರ ಮಗ್ಗಿ 6, 12, 18, 24 ಅಂತ ಹೋಗುತ್ತದೆ. 8ರ ಮಗ್ಗಿ 8, 16, 24 ಅಂತ. ಎರಡೂ ಮಗ್ಗಿಯಲ್ಲಿ ಮೊದಲು ಸಿಗುವ ಸಂಖ್ಯೆ 24. ಅದೇ ಅವುಗಳ ಲಸಾಅ. ಮುಂದೆ 48 ಸಿಗುತ್ತದೆ, 72 ಸಿಗುತ್ತದೆ, ಕೊನೆಯೇ ಇಲ್ಲ. ಅವುಗಳಲ್ಲಿ ಮೊದಲನೆಯದು ಅನ್ನುವ ಕಾರಣಕ್ಕೆ 24 'ಲಘುತ್ತಮ'. ಅಪವರ್ತನ ಅಂದರೆ ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆ. 6 ಮತ್ತು 8 ಎರಡನ್ನೂ ಹಾಗೆ ಭಾಗಿಸುವ ದೊಡ್ಡ ಸಂಖ್ಯೆ 2. ಅದು ಮಸಾಅ.

ಇನ್ನು ಬಸ್ಸಿನ ಲೆಕ್ಕಕ್ಕೆ ಬರೋಣ. ಕುಮಟಾ ಬಸ್‌ಸ್ಟ್ಯಾಂಡಿನಿಂದ ಹೊನ್ನಾವರಕ್ಕೆ 25 ನಿಮಿಷಕ್ಕೊಂದು ಬಸ್, ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವುದು 40 ನಿಮಿಷಕ್ಕೊಂದು ಅಂದುಕೊಳ್ಳೋಣ. ಇದು ಲೆಕ್ಕಕ್ಕಾಗಿ ಮಾಡಿಕೊಂಡ ವೇಳಾಪಟ್ಟಿ. ಬೆಳಿಗ್ಗೆ 6ಕ್ಕೆ ಎರಡೂ ಬಸ್ಸು ಒಟ್ಟಿಗೆ ಹೊರಟವು. ಮತ್ತೆ ಒಟ್ಟಿಗೆ ಹೊರಡುವುದು ಯಾವಾಗ?

ಸೂತ್ರಕ್ಕೆ ಕೈ ಹಾಕುವ ಮೊದಲು ಹುಡುಗಿಗೆ ಸೀಮೆಸುಣ್ಣ ಕೊಟ್ಟೆ. ಜಗಲಿಯ ನೆಲದ ಮೇಲೆ ಒಂದರ ಕೆಳಗೊಂದು ಎರಡು ಉದ್ದ ಗೆರೆ ಎಳೆದಳು. ಮೇಲಿನದು ಹೊನ್ನಾವರ: 6:25, 6:50, 7:15, 7:40, 8:05, 8:30, 8:55, 9:20. ಕೆಳಗಿನದು ಶಿರಸಿ: 6:40, 7:20, 8:00, 8:40, 9:20. "ಸಿಕ್ತು, 9:20" ಅಂದಳು. ಗೆರೆಯ ಮೇಲಿನ ಗುರುತುಗಳನ್ನು ಎಣಿಸಲು ಹೇಳಿದೆ. ಹೊನ್ನಾವರದ್ದು 8 ಹೆಜ್ಜೆ, ಶಿರಸಿಯದ್ದು 5 ಹೆಜ್ಜೆ. 25×8 ಮಾಡಿದರೂ 200, 40×5 ಮಾಡಿದರೂ 200. 200 ನಿಮಿಷ ಅಂದರೆ 3 ಗಂಟೆ 20 ನಿಮಿಷ.

ನಾನು ಲಸಾಅ ಅಂತ ಬಾಯಿ ಬಿಟ್ಟಿರಲಿಲ್ಲ. ಅವಳೇ ಹೇಳಿದಳು. ಬೇರೆ ಬೇರೆ ಅಳತೆಯ ಹೆಜ್ಜೆ ಹಾಕುವ ಇಬ್ಬರು ಒಂದೇ ಜಾಗದಲ್ಲಿ ನಿಲ್ಲಬೇಕಾದರೆ, ಆ ಜಾಗಕ್ಕೆ ಇಬ್ಬರೂ ಪೂರ್ತಿ ಹೆಜ್ಜೆಗಳಲ್ಲೇ ಬಂದು ಮುಟ್ಟಬೇಕು. ಅರ್ಧ ಹೆಜ್ಜೆ ನಡೆಯುವುದಿಲ್ಲ. ಲಸಾಅ ಕೇಳುವುದು ಇದನ್ನೇ, ಹಾಗೆ ಮೊದಲು ಸಿಗುವ ಜಾಗ ಯಾವುದು ಅಂತ. ಇಷ್ಟು ಮನಸ್ಸಿಗೆ ಬಂದರೆ ಲೆಕ್ಕದಲ್ಲಿ ಬಸ್ಸಿದ್ದರೇನು, ಗಂಟೆಯಿದ್ದರೇನು, ದೀಪವಿದ್ದರೇನು?

ಪ್ರತಿ ಸಲ ಗೆರೆ ಎಳೆಯುತ್ತಾ ಕೂರಲು ಆಗುವುದಿಲ್ಲ. ಅದಕ್ಕೇ ಅವಿಭಾಜ್ಯ ಸಂಖ್ಯೆಗಳ ದಾರಿ. 25 ಅಂದರೆ 5×5. 40 ಅಂದರೆ 2×2×2×5. ನಮಗೆ ಬೇಕಾದ ಸಂಖ್ಯೆಯೊಳಗೆ 25ಕ್ಕೆ ಬೇಕಾದ್ದೆಲ್ಲ ಇರಬೇಕು, 40ಕ್ಕೆ ಬೇಕಾದ್ದೆಲ್ಲವೂ ಇರಬೇಕು. ಅಡಿಗೆಮನೆಯಲ್ಲಿ ನೋಡಿ. ಇವತ್ತಿನ ಅಡಿಗೆಗೆ ಎರಡು ಸೌಟು ಬೇಕು. ನಾಳೆಯ ಅಡಿಗೆಗೆ ಒಂದು ಸೌಟು, ಮೂರು ಪಾತ್ರೆ ಬೇಕು. ಹಾಗಂತ ಮೂರು ಸೌಟು ಕೊಂಡು ತರುತ್ತೇವಾ? ಎರಡು ಸೌಟು, ಮೂರು ಪಾತ್ರೆ ಇದ್ದರೆ ಎರಡೂ ದಿನ ನಡೆಯುತ್ತದೆ. ಇಲ್ಲೂ ಅಷ್ಟೇ. ಎರಡು 5, ಮೂರು 2 ಸಾಕು. 5×5×2×2×2 = 200.

ಕೆಲವು ಮಕ್ಕಳು ಸುಮ್ನೆ 25×40 ಗುಣಿಸಿ 1000 ಅಂತ ಬರೆಯುತ್ತಾರೆ. ಅದು ಪೂರ್ತಿ ಸುಳ್ಳಲ್ಲ. 1000 ನಿಮಿಷಕ್ಕೂ ಬಸ್ಸುಗಳು ಸೇರುತ್ತವೆ, ಆದರೆ ಅದು ಐದನೇ ಸಲ ಸೇರುವುದು. ಎರಡರಲ್ಲೂ ಇದ್ದ ಒಂದು 5ನ್ನು ಎರಡು ಸಲ ಲೆಕ್ಕ ಹಿಡಿದಿದ್ದರಿಂದ ಉತ್ತರ ಐದು ಪಟ್ಟು ಹಿಗ್ಗಿತು. ಶಾಲೆಯಲ್ಲಿ ಕಲಿಸುವ ಭಾಗಾಕಾರ ಕ್ರಮದಲ್ಲಿ ಎಡಗಡೆ 5 ಬರೆದು, 25 ಮತ್ತು 40ನ್ನು ಅದರಿಂದ ಭಾಗಿಸಿ, ಕೆಳಗೆ 5 ಮತ್ತು 8 ಬರೆಯುತ್ತೇವಲ್ಲ, ಆ ಎಡಗಡೆಯ 5 ಇಬ್ಬರಿಗೂ ಸೇರಿದ್ದು. ಅದಕ್ಕೇ ಅದನ್ನು ಒಂದೇ ಸಲ ಬರೆಯುವುದು. 5×5×8, ಮತ್ತೆ 200. ಎರಡು ಸಂಖ್ಯೆಗಳಲ್ಲಿ ಇಬ್ಬರಿಗೂ ಸೇರಿದ್ದು ಏನೂ ಇಲ್ಲದಾಗ, ಉದಾಹರಣೆಗೆ 8 ಮತ್ತು 9, ಗುಣಿಸಿದ್ದೇ ಲಸಾಅ. ಒಂದು ಸಂಖ್ಯೆ ಇನ್ನೊಂದರ ಮಗ್ಗಿಯಲ್ಲೇ ಇದ್ದರೆ, 10 ಮತ್ತು 30ರ ಹಾಗೆ, ದೊಡ್ಡದೇ ಲಸಾಅ.

200 ಸಿಕ್ಕಿದ ಕೂಡಲೇ ಲೆಕ್ಕ ಮುಗಿಯಿತು ಅಂತ ಎದ್ದು ಹೋಗುವವರಿದ್ದಾರೆ. ಕೇಳಿದ್ದೇನು ಅಂತ ಮತ್ತೊಮ್ಮೆ ಓದಬೇಕು. ಎಷ್ಟು ಹೊತ್ತಿಗೆ ಅಂತ ಕೇಳಿದ್ದರೆ ಉತ್ತರ 9:20. ಅಷ್ಟರಲ್ಲಿ ಶಿರಸಿ ಬಸ್ಸು ಎಷ್ಟು ಸಲ ಹೊರಟಿತು ಅಂತ ಕೇಳಿದ್ದರೆ, 6ರ ಬಸ್ಸನ್ನು ಬಿಟ್ಟು 5. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಎಷ್ಟು ಸಲ ಒಟ್ಟಿಗೆ ಹೊರಡುತ್ತವೆ ಅಂತ ಕೇಳಿದರೆ ತುಂಬಾ ಮಕ್ಕಳು ಎಡವುತ್ತಾರೆ. 16 ಗಂಟೆ ಅಂದರೆ 960 ನಿಮಿಷ. 200ರಿಂದ ಭಾಗಿಸಿದರೆ 4, ಇನ್ನೂ 160 ಉಳಿಯುತ್ತದೆ. ಉತ್ತರ 4 ಅಂತ ಬರೆದುಬಿಡುತ್ತಾರೆ. ಆದರೆ 6:00, 9:20, 12:40, 4:00, 7:20 ಅಂತ ಬೆರಳು ಮಡಚಿ ನೋಡಿ, ಐದು ಸಲ. ಹೊರಟ ಗಳಿಗೆಯೂ ಒಂದು ಸಲವೇ ಅಲ್ವಾ?

ಹೆಜ್ಜೆ ಯಾವಾಗಲೂ ಸಮಯದ್ದೇ ಆಗಬೇಕಿಲ್ಲ. ಮನೆ ಕಟ್ಟುವಾಗ ಚಿರೇಕಲ್ಲು ಇಡುವುದನ್ನು ನಮ್ಮ ಕಡೆ ಎಲ್ಲ ಮಕ್ಕಳೂ ನೋಡಿರುತ್ತಾರೆ. ಕೆಳಗಿನ ವರಸೆಯಲ್ಲಿ 12 ಇಂಚು ಉದ್ದದ ಕಲ್ಲು, ಮೇಲಿನ ವರಸೆಯಲ್ಲಿ 16 ಇಂಚಿನದು, ಎರಡೂ ಒಂದೇ ಮೂಲೆಯಿಂದ ಶುರು ಅಂದುಕೊಳ್ಳಿ. ಮೇಲಿನ ಸಂದು ಕೆಳಗಿನ ಸಂದಿನ ನೇರಕ್ಕೆ ಮೊದಲು ಬರುವುದು 48 ಇಂಚಿಗೆ, ಅಂದರೆ 4 ಅಡಿಗೆ. ಕೆಳಗೆ ನಾಲ್ಕು ಕಲ್ಲು, ಮೇಲೆ ಮೂರು. ಕಲ್ಲುಕಟ್ಟುವವರು ಸಂದಿನ ಮೇಲೆ ಸಂದು ಬರದಂತೆ ನೋಡಿಕೊಳ್ಳುತ್ತಾರೆ, ಬಂದರೆ ಗೋಡೆ ಅಲ್ಲಿ ಬಿರುಕು ಬಿಡಬಹುದು. ನಾವು ಲಸಾಅ ಹುಡುಕುವುದು ಸೇರುವ ಜಾಗಕ್ಕಾಗಿ. ಅವರು ಅದೇ ಜಾಗವನ್ನು ತಪ್ಪಿಸಲು ನೋಡುತ್ತಾರೆ.

ಅಂಗಡಿಯ ಲೆಕ್ಕವೂ ಹೀಗೇ. ನಮ್ಮ ಕಡೆಯ ಸಿಹಿತಿಂಡಿ ತೊಡದೇವು 8ರ ಪ್ಯಾಕೆಟ್, ಬಾಳೆಹಣ್ಣು 12ರ ಡಜನ್. ಒಂದೂ ಉಳಿಯದಂತೆ ಒಬ್ಬೊಬ್ಬ ಮಗುವಿಗೆ ಒಂದು ತೊಡದೇವು, ಒಂದು ಹಣ್ಣು ಕೊಡಬೇಕು. 24 ಮಕ್ಕಳಿದ್ದರೆ ಸರಿಹೋಗುತ್ತದೆ. ಪ್ಯಾಕೆಟ್ ಎಷ್ಟು ಅಂತ ಕೇಳಿದ್ದರೆ 3, ಡಜನ್ ಎಷ್ಟು ಅಂತ ಕೇಳಿದ್ದರೆ 2.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಲಸಾಅನಾ ಮಸಾಅನಾ? 'ಕನಿಷ್ಠ' ಅಂತ ಇದ್ದರೆ ಲಸಾಅ, 'ಗರಿಷ್ಠ' ಅಂತ ಇದ್ದರೆ ಮಸಾಅ ಅಂತ ಕೆಲವರು ಹೇಳಿಕೊಡುತ್ತಾರೆ. ನನಗೆ ಆ ದಾರಿ ಹಿಡಿಸುವುದಿಲ್ಲ. ಪ್ರಶ್ನೆ ಬರೆದವರು ಒಂದು ಪದ ಬದಲಾಯಿಸಿದರೆ ಮಗು ದಾರಿ ತಪ್ಪುತ್ತದೆ. 84 ಮೀಟರ್ ಮತ್ತು 120 ಮೀಟರ್ ಉದ್ದದ ಎರಡು ಬಲೆಹಗ್ಗ ಇವೆ, ಏನೂ ಉಳಿಯದಂತೆ ಒಂದೇ ಅಳತೆಯ ತುಂಡು ಮಾಡಬೇಕು, ಕನಿಷ್ಠ ಎಷ್ಟು ತುಂಡು ಆಗುತ್ತವೆ ಅಂತ ಕೇಳಿದರೆ? 'ಕನಿಷ್ಠ' ಅಂತ ಇದೆ. ಆದರೆ ತುಂಡು ಕಡಿಮೆ ಆಗಬೇಕಾದರೆ ಒಂದೊಂದೂ ಆದಷ್ಟು ಉದ್ದ ಇರಬೇಕು, ಅಂದರೆ ಮಸಾಅ, 12 ಮೀಟರ್. 7 ಮತ್ತು 10 ಸೇರಿ 17 ತುಂಡು. ಪದ ನಂಬಿ ಲಸಾಅ ಮಾಡಿದ್ದರೆ 840 ಬರುತ್ತಿತ್ತು. 120 ಮೀಟರ್ ಹಗ್ಗದಿಂದ 840 ಮೀಟರ್ ತುಂಡು ಯಾರು ಕತ್ತರಿಸಿಯಾರು!

ನಾನು ಮಕ್ಕಳಿಗೆ ಹೇಳುವುದು, ಕಣ್ಣು ಮುಚ್ಚಿ ಆ ಕೆಲಸ ನೋಡು ಅಂತ. ಇದ್ದದ್ದನ್ನು ಕತ್ತರಿಸುತ್ತಿದ್ದಾರಾ, ಹಂಚುತ್ತಿದ್ದಾರಾ? ಹಾಗಿದ್ದರೆ ಕೊಟ್ಟ ಸಂಖ್ಯೆಗಿಂತ ಚಿಕ್ಕದು ಬೇಕು, ಮಸಾಅ ಕಡೆ ಹೋಗು. ಒಂದರ ಪಕ್ಕ ಒಂದು ಜೋಡಿಸುತ್ತಿದ್ದಾರಾ, ಮತ್ತೆ ಮತ್ತೆ ಆಗುತ್ತಿದೆಯಾ? ಹಾಗಿದ್ದರೆ ದೊಡ್ಡದು ಬೇಕು, ಲಸಾಅ.

ಶೇಷ ಉಳಿಯುವ ಲೆಕ್ಕಗಳಿಗೆ ಮಕ್ಕಳು ಹೆದರುತ್ತಾರೆ. ನಾನು ತೆಂಗಿನಕಾಯಿ ರಾಶಿ ತೋರಿಸುತ್ತೇನೆ. ಅಂಗಳದಲ್ಲಿ ಕಾಯಿ ರಾಶಿ ಇದೆ. 6ರ ಸಾಲು ಮಾಡಿದರೂ, 8ರ ಸಾಲು ಮಾಡಿದರೂ, 9ರ ಸಾಲು ಮಾಡಿದರೂ ಪ್ರತಿ ಸಲ 2 ಕಾಯಿ ಉಳಿಯುತ್ತವೆ. ರಾಶಿಯಲ್ಲಿ ಕಡಿಮೆಯೆಂದರೆ ಎಷ್ಟು ಕಾಯಿ? ಆ ಎರಡು ಕಾಯಿಯನ್ನು ಎತ್ತಿ ಜಗಲಿ ಮೇಲಿಟ್ಟುಬಿಡಿ. ಈಗ ಎಲ್ಲ ಸಾಲೂ ಸರಿಯಾಗಿ ಬರುತ್ತವೆ. 6, 8, 9ರ ಲಸಾಅ 72. ಜಗಲಿ ಮೇಲಿನ ಎರಡನ್ನು ವಾಪಸ್ ಹಾಕಿದರೆ 74.

ಇನ್ನೊಂದು ಬಗೆ ಇದೆ. 6ರ ಸಾಲಿಗೆ 5 ಉಳಿಯುತ್ತವೆ, 8ರ ಸಾಲಿಗೆ 7, 9ರ ಸಾಲಿಗೆ 8. ಶೇಷ ಬೇರೆ ಬೇರೆ, ಹಾಗಾಗಿ ಎರಡು ಕಾಯಿ ಎತ್ತಿಟ್ಟ ಉಪಾಯ ನಡೆಯುವುದಿಲ್ಲ. ಈ ಲೆಕ್ಕ ಕೊಟ್ಟ ದಿನ ಹುಡುಗಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ "ಎಲ್ಲದರಲ್ಲೂ ಒಂದೊಂದೇ ಕಮ್ಮಿ ಬಿದ್ದಿದೆ ಅಲ್ವಾ ಅಕ್ಕೋರೆ?" ಅಂದಳು. ಹೌದು. ಪಕ್ಕದ ಮನೆಯಿಂದ ಒಂದು ಕಾಯಿ ಕಡ ತಂದರೆ ಎಲ್ಲ ಸಾಲೂ ತುಂಬುತ್ತವೆ, 72. ಕಡ ತಂದದ್ದನ್ನು ವಾಪಸ್ ಕೊಟ್ಟರೆ 71. ಭಾಗಿಸಿ ನೋಡಿ, ಮೂರೂ ಶೇಷ ಸರಿಯಾಗಿ ಬರುತ್ತವೆ.

ಇಷ್ಟೆಲ್ಲ ಕಲಿತ ಮೇಲೂ ಒಂದು ಮಾತು ಗಮನಕ್ಕೆ ಬರದೆ ಜಾರಿಹೋಗುತ್ತದೆ. ಬಸ್ಸಿನ ಲೆಕ್ಕದಲ್ಲಿ 'ಒಟ್ಟಿಗೆ ಹೊರಟವು' ಅಂತ ಇತ್ತಲ್ಲ, ಆ ಮಾತು. ನನ್ನ ಕಣ್ಣಿಗೆ ಇಡೀ ಲೆಕ್ಕ ನಿಂತಿರುವುದೇ ಅದರ ಮೇಲೆ.

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2020, 2022, 2024ರಲ್ಲಿ ನಡೆಯಿತು. ಲೋಕಸಭೆ ಚುನಾವಣೆ ಐದು ವರ್ಷಕ್ಕೊಮ್ಮೆ. 2024ರಲ್ಲಿ ಜಾತ್ರೆಯೂ ಆಯಿತು, ಚುನಾವಣೆಯೂ ಆಯಿತು. ಎರಡೂ ತಮ್ಮ ಅವಧಿಗೆ ಸರಿಯಾಗಿ ನಡೆದರೆ ಮತ್ತೆ ಒಂದೇ ವರ್ಷ ಬರುವುದು ಯಾವಾಗ? 2 ಮತ್ತು 5ರ ಲಸಾಅ 10, ಹಾಗಾಗಿ 2034. ಹಿಂದಕ್ಕೆ ಹೋದರೆ 2014, ಆ ವರ್ಷವೂ ಎರಡೂ ಇದ್ದವು. ಲೆಕ್ಕ ತಾಳೆಯಾಯಿತು.

ಶಿರಸಿಯಲ್ಲೇ ಹೋಳಿ ಹಬ್ಬಕ್ಕೆ ಬೇಡರ ವೇಷ ಕುಣಿಯುತ್ತಾರೆ. ಅದೂ ಎರಡು ವರ್ಷಕ್ಕೊಮ್ಮೆ. 2 ಮತ್ತು 2ರ ಲಸಾಅ 2. ಹಾಗಾದರೆ ಜಾತ್ರೆ ಮತ್ತು ಬೇಡರ ವೇಷ ಎರಡು ವರ್ಷಕ್ಕೊಮ್ಮೆ ಜೊತೆಯಾಗಬೇಕಲ್ಲ? ಶಿರಸಿಯ ಚಿಕ್ಕ ಮಗುವನ್ನು ಕೇಳಿ, ಜಾತ್ರೆ ಇಲ್ಲದ ವರ್ಷವೇ ಬೇಡರ ವೇಷ ಅನ್ನುತ್ತದೆ. ಒಂದು ಸಮ ವರ್ಷದಲ್ಲಿ, ಇನ್ನೊಂದು ಬೆಸ ವರ್ಷದಲ್ಲಿ. ಇಬ್ಬರ ಹೆಜ್ಜೆಯ ಅಳತೆಯೂ ಒಂದೇ, ಆದರೆ ಒಟ್ಟಿಗೆ ಹೊರಟವರಲ್ಲ. ಹಾಗಾಗಿ ಎಂದೂ ಸೇರುವುದಿಲ್ಲ. ಹೆಜ್ಜೆಗಳು ಮತ್ತೆ ಸೇರುವುದಕ್ಕೆ ಎಷ್ಟು ಅಂತರ ಬೇಕು ಅಂತ ಲಸಾಅ ಹೇಳುತ್ತದೆ. ಒಮ್ಮೆಯಾದರೂ ಸೇರುತ್ತವೆಯೋ ಇಲ್ಲವೋ ಅನ್ನುವುದನ್ನು ಶುರುವಾದ ಜಾಗ ಹೇಳುತ್ತದೆ.

ಮತ್ತೆ ಬಸ್‌ಸ್ಟ್ಯಾಂಡಿಗೆ ಹೋಗಿ ನೋಡೋಣ. ಹೊನ್ನಾವರದ ಬಸ್ಸು 6ಕ್ಕೇ ಹೊರಟಿತು, ಶಿರಸಿಯದ್ದು 6:10ಕ್ಕೆ. ಹೊನ್ನಾವರ 6:25, 6:50. ಶಿರಸಿ 6:10, 6:50. ಅರೆ, 6:50ಕ್ಕೇ ಸೇರಿದವು! ಅಲ್ಲಿಂದ ಮುಂದೆ ಪ್ರತಿ 200 ನಿಮಿಷಕ್ಕೆ, 10:10ಕ್ಕೆ, 1:30ಕ್ಕೆ. ಇನ್ನು ಶಿರಸಿ ಬಸ್ಸು 6:03ಕ್ಕೆ ಹೊರಟಿತು ಅನ್ನಿ. ಹೊನ್ನಾವರದ ಸಮಯಗಳೆಲ್ಲ 0 ಅಥವಾ 5ರಲ್ಲಿ ಮುಗಿಯುತ್ತವೆ. ಶಿರಸಿಯದ್ದು 6:03, 6:43, 7:23 ಹೀಗೆ 3ರಲ್ಲೇ ಮುಗಿಯುತ್ತದೆ. ಎಷ್ಟು ದಿನ ಕಾದರೂ ಅವು ಸೇರುವುದಿಲ್ಲ. ಇದರ ಹಿಂದೆ ಇರುವುದು ಮಸಾಅ. 25 ಮತ್ತು 40ರ ಮಸಾಅ 5. ಹೊರಟ ಸಮಯಗಳ ನಡುವಿನ ಅಂತರ 5ರ ಮಗ್ಗಿಯಲ್ಲಿದ್ದರೆ ಬಸ್ಸುಗಳು ಎಂದಾದರೂ ಸೇರುತ್ತವೆ, ಇಲ್ಲದಿದ್ದರೆ ಇಲ್ಲ. 10 ಆ ಮಗ್ಗಿಯಲ್ಲಿದೆ, 3 ಇಲ್ಲ. ಲಸಾಅನಾ ಮಸಾಅನಾ ಅಂತ ಕೇಳುತ್ತಿದ್ದ ಹುಡುಗಿಗೆ ಎರಡೂ ಒಂದೇ ಲೆಕ್ಕದಲ್ಲಿ ಕೆಲಸ ಮಾಡುವುದನ್ನು ತೋರಿಸಿದಾಗ ಅವಳ ಕಣ್ಣು ಅರಳಿದ್ದು ನನಗೆ ನೆನಪಿದೆ.

ಕೊನೆಯದು ಮೈದಾನದ ಲೆಕ್ಕ. ಇಬ್ಬರು ಹುಡುಗರು ಒಂದೇ ಜಾಗದಿಂದ, ಒಂದೇ ದಿಕ್ಕಿಗೆ, ಸುತ್ತು ಓಡುತ್ತಾರೆ. ಒಬ್ಬನಿಗೆ ಒಂದು ಸುತ್ತಿಗೆ 3 ನಿಮಿಷ, ಇನ್ನೊಬ್ಬನಿಗೆ 5. ಲಸಾಅ 15. ಆದರೆ 15 ನಿಮಿಷ ಯಾವುದಕ್ಕೆ ಉತ್ತರ? ಇಬ್ಬರೂ ಹೊರಟ ಜಾಗದಲ್ಲೇ ಮತ್ತೆ ಸೇರುವುದಕ್ಕೆ. ಸುಮ್ನೆ ಎಲ್ಲಾದರೂ ಸೇರುವುದು ಅದಕ್ಕೂ ಮೊದಲೇ ಆಗುತ್ತದೆ. ಏಳೂವರೆ ನಿಮಿಷಕ್ಕೆ ಜೋರಿನವನು ಎರಡೂವರೆ ಸುತ್ತು ಓಡಿರುತ್ತಾನೆ, ನಿಧಾನದವನು ಒಂದೂವರೆ. ಇಬ್ಬರೂ ಮೈದಾನದ ಆಚೆ ಬದಿಯಲ್ಲಿ ಪಕ್ಕಪಕ್ಕ ಇರುತ್ತಾರೆ. ಪ್ರಶ್ನೆಯಲ್ಲಿ 'ಹೊರಟ ಜಾಗದಲ್ಲಿ' ಅಂತ ಇದೆಯಾ ನೋಡಿಕೊಳ್ಳಲು ನಾನು ಒತ್ತಿ ಹೇಳುವುದು ಇದಕ್ಕೇ.

ಆಕಾಶದಲ್ಲೂ ಇಂಥದ್ದೇ ಓಟ ನಡೆಯುತ್ತಿದೆ. ಗುರು ಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 12 ವರ್ಷ ಬೇಕು, ಶನಿಗೆ ಸುಮಾರು 30. 2020ರ ಡಿಸೆಂಬರ್ 21ರ ಸಂಜೆ ಎರಡೂ ಗ್ರಹಗಳು ಒಂದೇ ಚುಕ್ಕೆಯೇನೋ ಅನ್ನುವಷ್ಟು ಹತ್ತಿರ ಬಂದಿದ್ದವು. ಸೂರ್ಯ ಮುಳುಗಿದ ಮೇಲೆ ಕಡಲಿನ ಮೇಲೆ ನೈಋತ್ಯಕ್ಕೆ, ಕೆಳಗೆ. ಅದಕ್ಕೂ ಹಿಂದೆ ಸೇರಿದ್ದು 2000ದಲ್ಲಿ, ಮುಂದೆ ಸೇರುವುದು 2040ರಲ್ಲಿ. ಇಪ್ಪತ್ತು ವರ್ಷಕ್ಕೊಮ್ಮೆ. 12 ಮತ್ತು 30ರ ಲಸಾಅ 60 ಆಗಬೇಕಿತ್ತಲ್ಲ? ಮೈದಾನದ ಹುಡುಗರನ್ನು ನೆನಪು ಮಾಡಿಕೊಳ್ಳಿ. 20 ವರ್ಷದಲ್ಲಿ ಗುರು ಒಂದು ಸುತ್ತು ಮುಗಿಸಿ ಇನ್ನೊಂದರ ಮೂರರಲ್ಲಿ ಎರಡು ಭಾಗ ಹೋಗಿರುತ್ತದೆ, ಶನಿ ಮೊದಲ ಸುತ್ತಿನ ಮೂರರಲ್ಲಿ ಎರಡು ಭಾಗ. ಸೇರಿದವು, ಆದರೆ ಬೇರೆ ಜಾಗದಲ್ಲಿ. ಹೊರಟ ಜಾಗದ ಹತ್ತಿರವೇ ಮತ್ತೆ ಸೇರಲು ಮೂರು ಇಪ್ಪತ್ತು ಬೇಕು, 60 ವರ್ಷ. ಅಷ್ಟರಲ್ಲಿ ಗುರುವಿನದು 5 ಸುತ್ತು, ಶನಿಯದು 2.

ನಮ್ಮ ಪಂಚಾಂಗದ ಸಂವತ್ಸರಗಳೂ ಅರವತ್ತೇ. ಪ್ರಭವದಿಂದ ಶುರುವಾಗಿ ಅಕ್ಷಯಕ್ಕೆ ಮುಗಿದು ಮತ್ತೆ ಪ್ರಭವ. ಹುಡುಗಿಯ ಅಜ್ಜಿ 1964ರ ಯುಗಾದಿಯ ನಂತರ ಹುಟ್ಟಿದವರು, ಕ್ರೋಧಿ ಸಂವತ್ಸರ. 2024ರ ಯುಗಾದಿಗೆ ಮತ್ತೆ ಕ್ರೋಧಿಯೇ ಬಂತು. "ಹಾಗಾದ್ರೆ ನಂದು?" ಅಂದಳು. ಅವಳು 2013ರ ಮಳೆಗಾಲದಲ್ಲಿ ಹುಟ್ಟಿದವಳು, ವಿಜಯ ಸಂವತ್ಸರ. ಸೀಮೆಸುಣ್ಣ ತಗೊಂಡು ಜಗಲಿಯ ನೆಲದ ಮೇಲೆ ಉದ್ದ ಗೆರೆ ಎಳೆದಳು. ಈ ತುದಿಗೆ 2013 ಅಂತ ಬರೆದು, ಆ ತುದಿಗೆ ಹೋಗಿ 2073 ಅಂತ ಬರೆದಳು.